ಲ್ಯಾಪರೋಸ್ಕೋಪಿ ಗಾಯ ಐದನೇ ವಾರಕ್ಕೆ ಸೋರುತ್ತಿದೆ, ಕಲ್ಚರ್ ಖಾಲಿ

ಓಟಿ ಸಿಸ್ಟರ್, ಪುಣೆ
ಸಣ್ಣ ನರ್ಸಿಂಗ್ ಹೋಂ. ಪಿತ್ತಕೋಶ ತೆಗೆದ ಇಬ್ಬರಿಗೆ ಹೊಲಿಗೆ ಚೆನ್ನಾಗಿ ಕೂಡಿಕೊಂಡು, ಐದನೇ ವಾರಕ್ಕೆ ಹೊಕ್ಕುಳ ಪೋರ್ಟಿನಲ್ಲಿ (ಉಪಕರಣ ಒಳಬಿಟ್ಟ ತೂತು) ಗಂಟು. ಒಡೆದು ನೀರುನೀರು ಕೀವು, ಜ್ವರ ಇಲ್ಲ. ಆಗ್ಮೆಂಟಿನ್ (ಆಂಟಿಬಯಾಟಿಕ್) ಹತ್ತು ದಿನ ಕೊಟ್ಟರೂ ಇಳಿದಿಲ್ಲ. ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿದ ಕೀವು) ಕಲ್ಚರ್, ಅಂದರೆ ರೋಗಾಣು ಬೆಳೆಸುವ ಪರೀಕ್ಷೆ, 48 ಗಂಟೆಗೆ 'ನೋ ಗ್ರೋತ್'; ಕ್ಷಯ ಪತ್ತೆಯ ಜೀನ್‌ಎಕ್ಸ್‌ಪರ್ಟ್ ನೆಗೆಟಿವ್. ಟಿಬಿ ಮಾತ್ರೆ ಶುರು ಮಾಡೋಣವೇ ಎಂಬ ಮಾತು ನಡೆದಿದೆ. ಉಪಕರಣ 2% ಗ್ಲುಟರಾಲ್ಡಿಹೈಡ್‌ನಲ್ಲಿ (ರೋಗಾಣು ಕೊಲ್ಲುವ ದ್ರಾವಣ) 20 ನಿಮಿಷ ಇಡುತ್ತೇವೆ.

ಮೈಕ್ರೋಬಯಾಲಜಿ, ದಾದರ್
ಮೊದಲ ಅನುಮಾನ ಎನ್‌ಟಿಎಂ (ಕ್ಷಯವಲ್ಲದ ಮೈಕೋಬ್ಯಾಕ್ಟೀರಿಯಾ) ಮೇಲೆ. ಕ್ಷಯದ ರೋಗಾಣುವಿನ ದಾಯಾದಿಗಳು: ಫಾರ್ಚುಯಿಟಮ್, ಚೆಲೋನಿ, ಆಬ್ಸೆಸಸ್. ಸ್ವಾಬ್ ಬಿಡಿ, ಹತ್ತಿಯಲ್ಲಿ ಸಿಗುವುದು ತೀರಾ ಕಡಿಮೆ. ಸಿರಿಂಜಿನಲ್ಲಿ ಎಳೆದ ಕೀವು ಅಥವಾ ಸೈನಸ್ (ಗಾಯದಿಂದ ಒಳಹೋದ ಕೀವಿನ ನಾಳ) ಗೋಡೆಯ ತುಂಡು ಬೇಕು. ತುಂಡನ್ನು ಎರಡು ಮಾಡಿ, ಒಂದು ಫಾರ್ಮಲಿನ್‌ನಲ್ಲಿ ಬಯಾಪ್ಸಿಗೆ, ಇನ್ನೊಂದು ಸ್ಟೆರೈಲ್ ಸಲೈನ್‌ನಲ್ಲಿ ಕಲ್ಚರ್‌ಗೆ. ಎರಡೂ ಫಾರ್ಮಲಿನ್‌ಗೆ ಬಿದ್ದರೆ ಕಲ್ಚರ್ ಕಥೆ ಅಲ್ಲಿಗೇ ಮುಗಿಯಿತು. ಫಾರ್ಮಿನಲ್ಲಿ 'ಎನ್‌ಟಿಎಂ ಅನುಮಾನ' ಅಂತ ಬರೆಯಿರಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಪ್ಲೇಟ್ ಕಸಕ್ಕೆ ಹೋಗುತ್ತದೆ. ಚೆಲೋನಿಗೆ 37 ಡಿಗ್ರಿ ಹಿಡಿಸುವುದಿಲ್ಲ, 30ರಲ್ಲೂ ಒಂದು ಸೆಟ್ ಇಡಿಸಿ. ಜೀನ್‌ಎಕ್ಸ್‌ಪರ್ಟ್ ಹುಡುಕುವುದು ಕ್ಷಯದ ಗುಂಪನ್ನಷ್ಟೇ, ಅದು ನೆಗೆಟಿವ್ ಬಂದರೂ ಎನ್‌ಟಿಎಂ ಇರಬಹುದು.

ಸರ್ಜನ್, ಮಡಗಾಂವ
ಟಿಬಿ ಕಿಟ್ ಬೇಡ್ರೀ. ಐಸೋನಿಯಜಿಡ್, ಪೈರಜಿನಮೈಡ್‌ಗೆ ಈ ಮೂರೂ ರೋಗಾಣು ಬಗ್ಗುವುದಿಲ್ಲ. ಸಾಮಾನ್ಯವಾಗಿ ಕ್ಲಾರಿತ್ರೋಮೈಸಿನ್ 500 ಮಿ.ಗ್ರಾಂ ದಿನಕ್ಕೆರಡು ಸಲ, ಜೊತೆಗೆ ಸೆನ್ಸಿಟಿವಿಟಿ (ರೋಗಾಣು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ವರದಿ) ನೋಡಿ ಅಮಿಕಾಸಿನ್, ಸಿಪ್ರೋಫ್ಲಾಕ್ಸಾಸಿನ್ ಅಥವಾ ಲಿನೆಜೋಲಿಡ್. ಒಂದೇ ಔಷಧ ಕೊಟ್ಟರೆ ರೆಸಿಸ್ಟೆನ್ಸ್ ಬರುವ ಅಪಾಯ ಹೆಚ್ಚು. ಒಂದು ಮೋಸ ಇದೆ: ಫಾರ್ಚುಯಿಟಮ್‌ನಲ್ಲೂ ಬಹುಪಾಲು ಆಬ್ಸೆಸಸ್‌ನಲ್ಲೂ ಕ್ಲಾರಿತ್ರೋ ವಿರುದ್ಧದ ಜೀನ್ ನಿಧಾನಕ್ಕೆ ಏಳುತ್ತದೆ. ಮೂರನೇ ದಿನ 'ಸೆನ್ಸಿಟಿವ್' ಎಂದದ್ದು 14ನೇ ದಿನ 'ರೆಸಿಸ್ಟೆಂಟ್' ಆದೀತು, 14ನೇ ದಿನದ ರೀಡಿಂಗ್ ಕೇಳಿ ಪಡೆಯಿರಿ. ಅಮಿಕಾಸಿನ್ ಇದ್ದರೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಕಿವಿ ಪರೀಕ್ಷೆ ತಪ್ಪಿಸಬೇಡಿ. ಕೋರ್ಸ್ ಕನಿಷ್ಠ ನಾಲ್ಕು ತಿಂಗಳು; ಗಾಯ ಒಣಗಿತೆಂದು ಅರ್ಧಕ್ಕೆ ನಿಲ್ಲಿಸಿದವರೇ ಮತ್ತೆ ಬರುತ್ತಾರೆ. ಸೈನಸ್ಸನ್ನು ಬುಡಸಮೇತ ಕತ್ತರಿಸಿ ತೆಗೆಯುವುದೂ ಚಿಕಿತ್ಸೆಯ ಭಾಗವೇ. ಹರ್ನಿಯಾ ಮೆಶ್ ಇದ್ದಲ್ಲಿ ಅದನ್ನೂ ತೆಗೆಯಬೇಕಾಗುವುದೇ ಹೆಚ್ಚು.

ಸಿಎಸ್‌ಎಸ್‌ಡಿ (ಉಪಕರಣ ಸ್ಟೆರೈಲ್ ಮಾಡುವ ವಿಭಾಗ), ಠಾಣೆ
ಸಿಸ್ಟರ್, ಗ್ಲುಟರಾಲ್ಡಿಹೈಡ್‌ನಿಂದ ತೆಗೆದ ಮೇಲೆ ಯಾವ ನೀರಿನಲ್ಲಿ ಜಾಲಾಡಿಸುತ್ತೀರಿ? 20 ನಿಮಿಷಕ್ಕೆ ಆಗುವುದು ಡಿಸಿನ್ಫೆಕ್ಷನ್ (ಬಹುಪಾಲು ರೋಗಾಣು ಸಾಯುತ್ತವೆ), ಎಲ್ಲವೂ ಸಾಯುವ ಸ್ಟೆರಿಲೈಸೇಷನ್‌ಗೆ 10 ಗಂಟೆ ಬೇಕು. ಅದೂ ಉಪಕರಣ ಬಿಚ್ಚಿದ್ದರೆ ಮಾತ್ರ. ಹಿಡಿ, ಒಳಕಡ್ಡಿ, ಹೊರಕೊಳವೆ ಬೇರೆ ಮಾಡಿ, ಎಂಜೈಮ್ ದ್ರಾವಣದಲ್ಲಿ ನೆನೆಸಿ, ಬ್ರಷ್ ಹಾಯಿಸಿ, ಒಣಗಿಸಿ ಮುಳುಗಿಸಬೇಕು. ಹಸಿಯಾಗಿ ಮುಳುಗಿಸಿದರೆ ದ್ರಾವಣ ತೆಳುವಾಗುತ್ತದೆ, ದ್ರಾವಣ 14 ದಿನ ಬಾಳುತ್ತದೆಂಬ ಲೆಕ್ಕ ನಂಬಬೇಡಿ, ಅದರ ಕಸುವು ಅಳೆಯುವ ಸ್ಟ್ರಿಪ್ ದಿನಾ ಅದ್ದಿ ನೋಡಿ. ಈ ಕೆಲಸ ಮಾಡುವ ಮಾವ್ಶಿಗೆ (ಆಯಾ) ಉಪಕರಣದ ದವಡೆಯ ಸಂದಿನಲ್ಲಿ ಒಣಗಿ ಕೂತ ರಕ್ತ ಬೊಟ್ಟು ಮಾಡಿ ತೋರಿಸಿ. ಶಾಖ ತಡೆಯುವ ಉಪಕರಣವೆಲ್ಲ ಆಟೋಕ್ಲೇವ್‌ಗೇ ಹೋಗಲಿ.

ಓಟಿ ಸಿಸ್ಟರ್, ಪುಣೆ
ಜಾಲಾಡಿಸುವುದು ಮೇಲಿನ ಟ್ಯಾಂಕಿನ ನಲ್ಲಿ ನೀರಿನಲ್ಲಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು.

ಸಿಎಸ್‌ಎಸ್‌ಡಿ, ಠಾಣೆ
ಅಲ್ಲೇ ಸಿಕ್ಕಿಬಿದ್ದಿತು ಅನಿಸುತ್ತದೆ. ಪೈಪಿನ ಒಳಲೋಳೆಯಲ್ಲಿ ಈ ಎನ್‌ಟಿಎಂಗಳು ಕ್ಲೋರಿನ್ನಿಗೂ ಜಗ್ಗದೆ ಬದುಕುತ್ತವೆ. ಇಂದಿನಿಂದಲೇ ಸ್ಟೆರೈಲ್ ನೀರು ಬಳಸಿ. ಕಾಯಿಸಿ ಡ್ರಮ್ಮಿನಲ್ಲಿ ತುಂಬಿಟ್ಟದ್ದು ಸ್ಟೆರೈಲ್ ಅಲ್ಲ.

ಮೈಕ್ರೋಬಯಾಲಜಿ, ದಾದರ್
ಟ್ಯಾಂಕ್ ತೊಳೆಯುವ ಮೊದಲು ನಲ್ಲಿಯದೂ ಜಾಲಾಡಿಸುವ ಟ್ರೇಯದೂ ನೀರು ಥಯೋಸಲ್ಫೇಟ್ (ಕ್ಲೋರಿನ್ ಅಳಿಸುವ ರಾಸಾಯನಿಕ) ಇರುವ ಸ್ಟೆರೈಲ್ ಬಾಟಲಿಗೆ ಹಿಡಿದು ಕಳಿಸಿ. ತೊಳೆದ ಮೇಲೆ ಕಳಿಸಿದರೆ ಗಾಯದಲ್ಲಿರುವುದೇ ನೀರಿನಲ್ಲೂ ಇತ್ತೇ ಎಂದು ಹೋಲಿಸಲು ಆಗದು. ಆ ಟ್ರೇ ಬಳಸಿದ ಉಳಿದ ರೋಗಿಗಳ ಪಟ್ಟಿಯನ್ನೂ ತೆಗೆದಿಡಿ.