ಮಟನ್ ನೀರಿನ ನೇರಳೆ ಬಣ್ಣ ಕಾರ್ನೊಸಿನ್‌ದೇನ್ರಿ?

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿ, ಬಾಗಲಕೋಟೆ): ಸರ್, ನಮಸ್ಕಾರ್ರಿ. ಎಲುಬಿನ ಮಟನ್ ತಾಸುಗಟ್ಟಲೆ ಕುದಿಸಿ, ಸೋಸಿದ ನೀರಿಗೆ ಬಯೂರೆಟ್ (ಪ್ರೋಟೀನ್ ಗುರುತಿಸೋ ಪರೀಕ್ಷೆ) ಮಾಡಿದ್ರ ನೇರಳೆ ಬಣ್ಣ ಬಂತ್ರಿ. ಮಾಂಸದಾಗಿರೋ ಕಾರ್ನೊಸಿನ್ ಸಿಕ್ತು ಅಂತ ರೆಕಾರ್ಡ್‌ನ್ಯಾಗ ಬರೀಲೇನ್ರಿ?

ಉತ್ತರ (ಜೀವರಸಾಯನ ಉಪನ್ಯಾಸಕರು, ಬೆಳಗಾವಿ): ಬರೀಬ್ಯಾಡ್ರಿ. ಆ ಬಣ್ಣ ಎಲುಬು, ಸ್ನಾಯುರಜ್ಜಿನಿಂದ (ಟೆಂಡನ್) ಬಿಟ್ಟ ಜೆಲಟಿನ್ ಪ್ರೋಟೀನ್‌ದು. ಬಯೂರೆಟ್‌ನ ನೇರಳೆಗೆ ಕನಿಷ್ಠ ಎರಡು ಪೆಪ್ಟೈಡ್ ಬಂಧ (ಅಮೈನೊ ಆಮ್ಲಗಳನ್ನು ಜೋಡಿಸುವ ಕೊಂಡಿ) ಬೇಕು. ಕಾರ್ನೊಸಿನ್‌ನಲ್ಲಿ ಇರುವುದು ಒಂದೇ. ಬೀಟಾ-ಅಲನಿನ್ ಮತ್ತು ಹಿಸ್ಟಿಡಿನ್ ಎಂಬ ಎರಡು ಅಮೈನೊ ಆಮ್ಲ ಕೂಡಿ ಆದ ಡೈಪೆಪ್ಟೈಡ್ ಅದು, ಅಣುತೂಕ 226. ಗುಲೆವಿಚ್ ಮತ್ತು ಅಮಿರಾಜಿಬಿ 1900ರಲ್ಲಿ ಅದನ್ನು ಮಾಂಸದ ಸತ್ವದಿಂದಲೇ ಬೇರ್ಪಡಿಸಿದ್ದು.

ಹೀಗೆ ಮಾಡಿ: ಎಲುಬಿಲ್ಲದ ಹಸಿ ಮಾಂಸ 10 ಗ್ರಾಂ ಸಣ್ಣಗೆ ಕೊಚ್ಚಿ, 40 ಎಂಎಲ್ ತಣ್ಣೀರಿನಲ್ಲಿ 15 ನಿಮಿಷ ಕಲಕಿ ಸೋಸಿ. ಸೋಸಿದ ಕೆಂಪು ನೀರನ್ನು 5 ನಿಮಿಷ ಕುದಿಸಿದರೆ ಪ್ರೋಟೀನ್ ಕಂದು ಗಸಿಯಾಗಿ ಹೆಪ್ಪುಗಟ್ಟುತ್ತದೆ. ಮತ್ತೆ ಸೋಸಿ. ಕಾರ್ನೊಸಿನ್ ನೀರಿನಲ್ಲೇ ಉಳಿಯುತ್ತದೆ. ಇಷ್ಟು ಕುದಿತಕ್ಕೆ ಒಡೆಯುವುದಿಲ್ಲ.

ಇನ್ನು ಹಿಸ್ಟಿಡಿನ್ ಭಾಗವನ್ನು ಕೆಂಪು ಬಣ್ಣದಿಂದ ತೋರಿಸುವ ಪೌಲಿ ಪರೀಕ್ಷೆ. 1% ಸಲ್ಫಾನಿಲಿಕ್ ಆಮ್ಲ (10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ್ದು) 1 ಎಂಎಲ್ ತೆಗೆದುಕೊಂಡು ಬರ್ಫಿನಲ್ಲಿಡಿ. ತಣ್ಣಗಿನ 5% ಸೋಡಿಯಂ ನೈಟ್ರೈಟ್ 1 ಎಂಎಲ್ ಸೇರಿಸಿ, 3 ನಿಮಿಷ ಬಿಡಿ. ನಿಮ್ಮ ದ್ರಾವಣ 2 ಎಂಎಲ್ ಹಾಕಿ, 10% ಸೋಡಿಯಂ ಕಾರ್ಬೊನೇಟ್ ಹನಿಹನಿಯಾಗಿ ಬಿಡಿ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ನಳಿಗೆಯಿಂದ ಹೊರಬರುತ್ತದೆ. ಕ್ಷಾರವಾದ ಮೇಲೆಯೇ ಕೆಂಪು ಮೂಡುವುದು. ನಮ್ಮ ಕಡೆ ಬೇಸಿಗೆಯಲ್ಲಿ ಕೆಡುವುದು ಇಲ್ಲೇ: 5 ಡಿಗ್ರಿ ದಾಟಿದರೆ ಸಲ್ಫಾನಿಲಿಕ್ ಆಮ್ಲ, ನೈಟ್ರೈಟ್ ಕೂಡಿ ಆದ ಡಯಜೋನಿಯಂ ಒಡೆದು ನೈಟ್ರೋಜನ್ ಗುಳ್ಳೆ ಏಳುತ್ತವೆ, ಬಣ್ಣ ಬರುವುದಿಲ್ಲ. ಉಳಿದ ದ್ರಾವಣ ಒಣಗಲು ಬಿಡಬೇಡಿ, ಒಣ ಡಯಜೋನಿಯಂ ಲವಣ ಸಿಡಿಯಬಹುದು.

ಬಿಡಿ ಹಿಸ್ಟಿಡಿನ್, ಟೈರೋಸಿನ್ ಕೂಡ ಪೌಲಿಗೆ ಬಣ್ಣ ಕೊಡುತ್ತವೆ. ಆದ್ದರಿಂದ ಶುದ್ಧ ಕಾರ್ನೊಸಿನ್ ಪಕ್ಕದಲ್ಲಿಟ್ಟು ಪೇಪರ್ ಕ್ರೊಮಟೋಗ್ರಫಿ (ಕಾಗದದ ಮೇಲೆ ದ್ರಾವಕ ಏರಿಸಿ ಪದಾರ್ಥ ಬೇರ್ಪಡಿಸುವುದು) ಮಾಡಿ, ಕಲೆ ಸರಿಸಮ ಏರಿದರೆ ಮಾತ್ರ ಹೆಸರು ಬರೆಯಿರಿ.

ಪ್ರಶ್ನೆ (ವಿಜಯಪುರ): ಹಂಗಾರ ರೊಟ್ಟಿ, ಕಾಳಪಲ್ಯ ಅಷ್ಟ ಉಣ್ಣೋರಿಗೆ ಇದು ಸಿಗೂದಿಲ್ಲೇನ್ರಿ?

ಉತ್ತರ: ಜೋಳ, ಕಾಳಿನಲ್ಲಿ ಕಾರ್ನೊಸಿನ್ ಇಲ್ಲ. ಆದರೆ ಕಾಳಿನ ಪ್ರೋಟೀನ್‌ನಿಂದ ಹಿಸ್ಟಿಡಿನ್ ಸಿಗುತ್ತದೆ, ಬೀಟಾ-ಅಲನಿನ್ ಯಕೃತ್ತಿನಲ್ಲೇ ತಯಾರಾಗುತ್ತದೆ. ಎರಡನ್ನೂ ಸ್ನಾಯು ತಾನೇ ಜೋಡಿಸಿಕೊಳ್ಳುತ್ತದೆ. ಶಾಕಾಹಾರಿಗಳ ಸ್ನಾಯುವಿನಲ್ಲಿ ಪ್ರಮಾಣ ಸ್ವಲ್ಪ ಕಡಿಮೆ, ಅಷ್ಟೇ. ಮಾಂಸ ಉಂಡವರಲ್ಲೂ ಅದು ಹಾಗೇ ಸ್ನಾಯು ಸೇರುವುದಿಲ್ಲ, ರಕ್ತದ ಕಾರ್ನೊಸಿನೇಸ್ ಕಿಣ್ವ ಮತ್ತೆ ಎರಡು ತುಂಡು ಮಾಡುತ್ತದೆ.