ಆಸ್ಪತ್ರೆಯವರು 10% ಹಿಡಿದುಕೊಂಡರೆ ಟ್ಯಾಕ್ಸ್ ಮುಗೀತಾ?

ಪ್ರಶ್ನೆ: ನಮಸ್ತೆ ಆಡಿಟರ್ ಸರ್. ಎಂಬಿಬಿಎಸ್ ಮುಗಿಸಿ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. ತಿಂಗಳಿಗೆ 80,000 ಅಂತ ಮಾತು, ಅಕೌಂಟಿಗೆ ಬರುವುದು 72,000. ಸಂಜೆ ಗಾಜನೂರಲ್ಲಿ ಸಣ್ಣ ಕ್ಲಿನಿಕ್ ಇದೆ, ಅಲ್ಲಿ ತಿಂಗಳಿಗೆ 25,000 ಆಗುತ್ತೆ, ಹೆಚ್ಚಿನದು ಕ್ಯಾಶ್. ಆಸ್ಪತ್ರೆಯವರೇ ಟ್ಯಾಕ್ಸ್ ಹಿಡಿದಿದ್ದಾರಲ್ಲ, ಇನ್ನೇನೂ ಮಾಡಬೇಕಿಲ್ಲ ಅಲ್ವಾ? ಕ್ಲಿನಿಕ್ ದುಡ್ಡನ್ನು ಅಪ್ಪನ ಅಡಿಕೆ ಲೆಕ್ಕಕ್ಕೆ ಸೇರಿಸಿಬಿಡು, ಕೃಷಿಗೆ ಟ್ಯಾಕ್ಸ್ ಇಲ್ಲ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ಉತ್ತರ: ಡಾಕ್ಟ್ರೇ, ಮೊದಲು ನಿಮ್ಮ 26ಎಎಸ್, ಅಂದರೆ ನಿಮ್ಮ ಹೆಸರಲ್ಲಿ ಹಿಡಿದ ಟ್ಯಾಕ್ಸಿನ ಪಟ್ಟಿ, ತೆಗೆದು ನೋಡಿ. ಅಲ್ಲಿ 194ಜೆ (ವೃತ್ತಿಪರರ ಫೀಸಿನಲ್ಲಿ ಟ್ಯಾಕ್ಸ್ ಹಿಡಿಯುವ ಸೆಕ್ಷನ್) ಅಂತ ಇದ್ದರೆ ನೀವು ಆ ಆಸ್ಪತ್ರೆಯ ಲೆಕ್ಕದಲ್ಲಿ ನೌಕರರೇ ಅಲ್ಲ, ಕನ್ಸಲ್ಟೆಂಟ್. ನಿಮಗೆ ಬರುವುದು ಸಂಬಳವಲ್ಲ, ಫೀಸು. ಹಿಡಿದ 10% ಬರೀ ಮುಂಗಡ, ನಿಜವಾದ ಟ್ಯಾಕ್ಸ್ ಎಷ್ಟು ಅಂತ ರಿಟರ್ನ್ ಹಾಕಿದಾಗಲೇ ತೀರ್ಮಾನ.

2025-26ರ ಲೆಕ್ಕ ಹಾಕೋಣ. ಆಸ್ಪತ್ರೆ 9,60,000, ಕ್ಲಿನಿಕ್ 3,00,000, ಒಟ್ಟು 12,60,000. ವರ್ಷಕ್ಕೆ 50 ಲಕ್ಷದೊಳಗೆ ಫೀಸು ಬರುವ ಡಾಕ್ಟರಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಅಂತ ಒಂದು ದಾರಿ ಇದೆ. ಬಂದದ್ದರಲ್ಲಿ ಅರ್ಧ ಆದಾಯ ಅಂತ ತೋರಿಸಿದರೆ ಸಾಕು, ಬಾಡಿಗೆ, ಪೆಟ್ರೋಲ್ ಅಂತ ಬಿಲ್ಲು ಕೂಡಿಡಬೇಕಿಲ್ಲ. ಅಂದರೆ 6,30,000. ಹೊಸ ರೆಜೀಮ್‌ನಲ್ಲಿ (ಹೊಸ ತೆರಿಗೆ ಪದ್ಧತಿ) 12 ಲಕ್ಷ ಆದಾಯದವರೆಗೆ ರಿಬೇಟ್, ಅಂದರೆ ಟ್ಯಾಕ್ಸ್ ಮನ್ನಾ, ಇರುವುದರಿಂದ ಟ್ಯಾಕ್ಸ್ ಸೊನ್ನೆ. ಖರ್ಚು ಕಡಿಮೆಯಾಗಿ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ಅಷ್ಟನ್ನೇ ತೋರಿಸಿ, 11 ಲಕ್ಷ ಆದರೂ ಸೊನ್ನೆಯೇ. ಹಿಡಿದಿರುವ 96,000 ನಿಮಗೇ ವಾಪಸ್ ಬರಬೇಕು. ಐಟಿಆರ್-4 ಅನ್ನುವ ರಿಟರ್ನ್ ಫಾರಂ ಹಾಕದೆ ಸುಮ್ನೆ ಕೂತರೆ ಅದು ಅಲ್ಲೇ ಉಳಿಯುತ್ತದೆ.

ಅಡಿಕೆ ವಿಷಯ: ಬೇಡ ಮಾರಾಯ್ರೇ. ಅಡಿಕೆ ಅಂದರೆ ಮಂಡಿಯ ಪಟ್ಟಿ ಇರುತ್ತದೆ, ರಾಶಿ ಅಡಿಕೆ ಎಷ್ಟು ಕ್ವಿಂಟಾಲ್, ಬೆಟ್ಟೆ ಅಡಿಕೆ ಎಷ್ಟು, ಯಾವ ರೇಟು ಅಂತ. ಜ್ವರಕ್ಕೆ ಬರೆದುಕೊಟ್ಟ ಚೀಟಿಗೆ ಆ ಪಟ್ಟಿ ಎಲ್ಲಿಂದ ತರುತ್ತೀರಿ? ಅದೂ ಟ್ಯಾಕ್ಸೇ ಬೀಳದ ದುಡ್ಡಿಗೆ ಸುಳ್ಳು ಯಾಕೆ? ನಾಳೆ ಕ್ಲಿನಿಕ್ ದೊಡ್ಡದು ಮಾಡಲು ಬ್ಯಾಂಕಿಗೆ ಹೋದರೆ ಕೇಳುವುದೇ ಮೂರು ವರ್ಷದ ರಿಟರ್ನ್.

ಮತ್ತೊಬ್ಬರ ಪ್ರಶ್ನೆ: ಸರ್, ನಾನು ಹೊಸನಗರ ತಾಲ್ಲೂಕಿನ ಪಿಎಚ್‌ಸಿಯಲ್ಲಿ ಸರ್ಕಾರಿ ವೈದ್ಯೆ, 2023ರಲ್ಲಿ ಕಾಯಂ ಆಯಿತು. ನನಗೂ ಇದೇ ಲೆಕ್ಕವಾ?

ಉತ್ತರ: ಇಲ್ಲ ಮೇಡಂ, ನಿಮ್ಮದು ಸಂಬಳ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, 44ಎಡಿಎ ಇಲ್ಲ. 2006ರ ಏಪ್ರಿಲ್ ನಂತರ ಸೇರಿದವರಿಗೆ ಪೆನ್ಷನ್‌ಗಾಗಿ ಹಣ ಕೂಡಿಡುವ ಎನ್‌ಪಿಎಸ್, ಬೇಸಿಕ್ ಮತ್ತು ಡಿಎ ಸೇರಿಸಿ 10% ನಿಮ್ಮ ಸಂಬಳದಿಂದ ಹೋಗುತ್ತದೆ, ಸರ್ಕಾರವೂ ತನ್ನ ಪಾಲು ಹಾಕುತ್ತದೆ. ಹೊಸ ರೆಜೀಮ್‌ನಲ್ಲಿ ನಿಮ್ಮ ಪಾಲಿಗೆ ವಿನಾಯಿತಿ ಸಿಗುವುದಿಲ್ಲ, ಸರ್ಕಾರದ ಪಾಲಿಗೆ 14%ವರೆಗೆ ಸಿಗುತ್ತದೆ.

ಮೊದಲು ಕೇಳಿದವರು: ಹಾಗಾದರೆ ನನಗೆ ಪೆನ್ಷನ್ ಯಾರು ಕೊಡ್ತಾರೆ? ನೆಂಟರೊಬ್ಬರು ವರ್ಷಕ್ಕೆ 1 ಲಕ್ಷ ಕಟ್ಟುವ ಮನಿ ಬ್ಯಾಕ್ ಪಾಲಿಸಿ ಮಾಡಿಸು ಅಂತ ಬೆನ್ನು ಬಿದ್ದಿದ್ದಾರೆ, ಟ್ಯಾಕ್ಸೂ ಉಳಿಯುತ್ತಂತೆ.

ಉತ್ತರ: ಯಾರೂ ಕೊಡುವುದಿಲ್ಲ. ಪಿಎಫ್ ಇಲ್ಲ, ಗ್ರಾಚುಟಿ ಇಲ್ಲ, ರಜೆ ಹಾಕಿದರೆ ಫೀಸೂ ಇಲ್ಲ. ಟ್ಯಾಕ್ಸೇ ಸೊನ್ನೆ ಇರುವಾಗ ಪಾಲಿಸಿ ಉಳಿಸುವುದೇನು? ಹೊಸ ರೆಜೀಮ್‌ನಲ್ಲಿ ಪಾಲಿಸಿ ಕಟ್ಟಿದ್ದಕ್ಕೆ ಸಿಗುವ 80ಸಿ ವಿನಾಯಿತಿ ಲೆಕ್ಕಕ್ಕೇ ಬರುವುದಿಲ್ಲ. ನೆಂಟರಿಗೆ ಬೇಜಾರಾಗದ ಹಾಗೆ ಟರ್ಮ್ ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಿ, ಕಮಿಷನ್ ಸಿಕ್ಕರೆ ಸಮಾಧಾನ ಆಗುತ್ತಾರೆ! ರೋಗಿಯ ಕಡೆಯವರು ಕೇಸು ಹಾಕಿದರೆ ಅಂತ ಇಂಡೆಮ್ನಿಟಿ ಪಾಲಿಸಿಯೂ ಬೇಕು. ಆಸ್ಪತ್ರೆಯ ಪಾಲಿಸಿಯಲ್ಲಿ ನಿಮ್ಮ ಹೆಸರು ಇದೆಯಾ ಕೇಳಿ, ಇದ್ದರೂ ಗಾಜನೂರಿನ ಕ್ಲಿನಿಕ್‌ಗೆ ಅದು ಬರುವುದಿಲ್ಲ.

ರಿಫಂಡ್ ಬಂದ ಮೇಲೆ ಅದನ್ನು ಮುಟ್ಟಬೇಡಿ. ಪಿಜಿ ಓದುವ ಯೋಚನೆ ಇದ್ದರೆ ಎಫ್‌ಡಿಯಲ್ಲಿಡಿ, ಯಾಕೆಂದರೆ ಪಿಪಿಎಫ್‌ಗೆ 15 ವರ್ಷ, ಎನ್‌ಪಿಎಸ್‌ಗೂ ಉದ್ದದ ಬೀಗ. ಆದರೂ ಎರಡೂ ಖಾತೆ ಈಗಲೇ ತೆರೆದಿಡಿ. ಪಿಪಿಎಫ್‌ಗೆ ವರ್ಷಕ್ಕೆ 500, ಎನ್‌ಪಿಎಸ್‌ಗೆ 1,000 ಹಾಕಿದರೂ ಖಾತೆ ಜೀವಂತ ಇರುತ್ತದೆ. ಕ್ಲಿನಿಕ್‌ನಲ್ಲಿ ಒಂದು ನೋಟ್ ಪುಸ್ತಕ ಇಟ್ಟು ದಿನದ ಕ್ಯಾಶ್ ಬರೆದಿಡಿ. ರಿಟರ್ನ್ ಹಾಕುವಾಗ ನಾನು ಕೇಳುವುದು ಅದೊಂದನ್ನೇ.