ಅಪ್‌ಡೇಟ್: ಗಾಯದ ನೋವನ್ನು ರಕ್ತಪರೀಕ್ಷೆ ಅಳೆಯುತ್ತದೆಯೇ?

ತೀರ್ಥಹಳ್ಳಿಯಲ್ಲಿರುವ ನಮ್ಮ ತಂದೆಯವರಿಗೆ ಶಿವಮೊಗ್ಗದಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಸಿಆರ್‌ಪಿ (ದೇಹದಲ್ಲಿ ಉರಿಯೂತವಾದಾಗ ರಕ್ತದಲ್ಲಿ ಹೆಚ್ಚುವ ಒಂದು ಪ್ರೋಟೀನ್) ಏರಿದ್ದನ್ನು ಕಂಡು, ಅದು ಸೋಂಕಿನ ಗುರುತೋ ನೋವಿನ ಅಳತೆಯೋ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆಗಳು. ಸೋಂಕು ಇರಲಿಲ್ಲ, ಹೊಲಿಗೆ ಬಿಚ್ಚಿಸಿಕೊಂಡು ಅವರು ಮನೆಗೆ ಬಂದಿದ್ದಾರೆ.

ವೈದ್ಯರು ವಿವರಿಸಿದಂತೆ, ಶಸ್ತ್ರಚಿಕಿತ್ಸೆಯಾದ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಹೆಚ್ಚುವ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಾಹಕ ಪ್ರೋಟೀನ್ ಯಕೃತ್ತನ್ನು ಪ್ರಚೋದಿಸಿ ಸಿಆರ್‌ಪಿಯನ್ನು ತಯಾರಿಸುವಂತೆ ಮಾಡುತ್ತದೆ. ಆದ್ದರಿಂದ ಸೋಂಕಿಲ್ಲದಿದ್ದರೂ ಅದು ಸಾಮಾನ್ಯವಾಗಿ 2–3ನೇ ದಿನ ಗರಿಷ್ಠ ಮಟ್ಟ ಮುಟ್ಟಿ ಬಳಿಕ ಇಳಿಯತೊಡಗುತ್ತದೆ. ಅದರ ಅರ್ಧಾಯು, ಅಂದರೆ ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು 19 ಗಂಟೆ. ಇಳಿಯದೆ ನಿಂತರೆ ಅಥವಾ ಇಳಿದದ್ದು ಮತ್ತೆ ಏರಿದರೆ ಸೋಂಕನ್ನು ಹುಡುಕುತ್ತಾರೆ. ಒಂದೇ ವರದಿ ಹಿಡಿದು ಗಾಬರಿಯಾಗುವುದಕ್ಕಿಂತ ಎರಡನ್ನು ಪಕ್ಕಪಕ್ಕ ಇಟ್ಟು ನೋಡುವುದು ಮೇಲು.

ನೋವಿನ ವಿಷಯ ಬೇರೆ. ಪ್ರೊಸ್ಟಾಗ್ಲಾಂಡಿನ್ ಇ2, ಬ್ರಾಡಿಕೈನಿನ್ ಮುಂತಾದ ನೋವು ಹುಟ್ಟಿಸುವ ರಾಸಾಯನಿಕಗಳು ಗಾಯದ ಜಾಗದಲ್ಲೇ ನರತುದಿಗಳನ್ನು ಕೆರಳಿಸುವುದರಿಂದ ರಕ್ತದಲ್ಲಿನ ಪ್ರಮಾಣ ಅಲ್ಲಿನ ಸ್ಥಿತಿಯನ್ನು ಸರಿಯಾಗಿ ತೋರಿಸದು. ಹಾಗಾಗಿ ಸಂಶೋಧಕರು ಡ್ರೇನ್‌ನ (ಗಾಯದ ದ್ರವ ಹೊರಹರಿಯಲು ಇಡುವ ಕೊಳವೆ) ದ್ರವವನ್ನೋ, ಗಾಯದೊಳಗಿಟ್ಟ ತೆಳು ಮೈಕ್ರೊಡಯಾಲಿಸಿಸ್ ನಳಿಕೆಯ ದ್ರವವನ್ನೋ ಸಂಗ್ರಹಿಸಿ, ಬ್ರಾಡಿಕೈನಿನ್‌ನಂಥವು ಬೇಗ ಒಡೆದುಹೋಗುವುದರಿಂದ ಕೂಡಲೇ ತಣ್ಣಗಿರಿಸಿ, ಎಲೈಸಾ (ಪ್ರತಿಕಾಯಗಳ ನೆರವಿನಿಂದ ಒಂದು ವಸ್ತುವಿನ ಪ್ರಮಾಣ ಅಳೆಯುವ ಪ್ರಯೋಗಾಲಯ ಪರೀಕ್ಷೆ) ಮುಂತಾದ ವಿಧಾನಗಳಿಂದ ಅಳೆಯುತ್ತಾರೆ. ವಾರ್ಡಿನಲ್ಲಿ ಇದು ನಿತ್ಯದ ಪರೀಕ್ಷೆಯಲ್ಲ.

ಅಲ್ಲಿ ನೋವಿಗೆ 0ಯಿಂದ (ನೋವಿಲ್ಲ) 10ರವರೆಗಿನ (ಅತಿ ಹೆಚ್ಚು ನೋವು) ಅಂಕವನ್ನು ರೋಗಿಯಿಂದಲೇ ಕೇಳುತ್ತಾರೆ. ಏನು ಕೇಳಿದರೂ ‘ಅಡ್ಡಿಲ್ಲ’ ಎನ್ನುವ ನಮ್ಮ ಮಲೆನಾಡಿನ ಹಿರಿಯರಿಂದ ಅಂಕ ಹೊರಡಿಸುವುದು ಸುಲಭವಲ್ಲ. ಮಲಗಿದ್ದಾಗ ಕೇಳಿದ್ದನ್ನೇ ಎದ್ದು ನಡೆಸುವಾಗಲೂ ಕೇಳಿದ ಮೇಲೆಯೇ ತಂದೆಯವರ ನೋವು ತಿಳಿದು, ವ್ಯಾಯಾಮಕ್ಕೆ ಮುಂಚೆ ನೋವುನಿವಾರಕ ಕೊಡುವಂತೆ ವೈದ್ಯರು ಸಮಯ ಬದಲಿಸಿದರು.